ಅಂಗುಳದ ಚೂರು

ಎಷ್ಟು ಚೆನ್ನಾಗಿದೆ ಅಂದುಕೊಂಡದ್ದು ಮೊದಲು, ಹೆಸರು ನೋಡಿದ್ದು ಆಮೇಲೆ. ಈ ಹಿಂದುಮುಂದನ್ನು ಇನ್ನು ಬದಲಾಯಿಸಲು ಆಗುವುದಿಲ್ಲ ಎಂದು ಸಮನ್ವಿತಾಳಿಗೆ ಹೊಳೆಯುವ ಹೊತ್ತಿಗೆ ಅವಳು ಕೂಗಿಬಿಟ್ಟಿದ್ದಳು. “ಸಾರ್, ಒಂದ್ನಿಮಿಷ ಬನ್ನಿ, ಚೆನ್ನಾಗಿರೋದೊಂದು ಬಂದಿದೆ.” ಕೋಣೆಯ ಆ ತುದಿಯಲ್ಲಿ ಡಾಕ್ಟರ್ ವಸಿಷ್ಠರ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಮಾಂಸದ ಚೂರು. ಮೈಕ್ರೋಸ್ಕೋಪಿನ ಕೆಳಗೆ ಅದು ನೇರಳೆ ಬಣ್ಣದ ಬಯಲಾಗಿ ಹರಡಿಕೊಂಡಿತ್ತು. ಬಯಲಿನ ತುಂಬ ಜರಡಿಯ ಹಾಗೆ ದುಂಡು ದುಂಡು ತೂತುಗಳು, ಒಂದೊಂದು ತೂತಿನೊಳಗೂ ತಿಳಿನೀಲಿ ಲೋಳೆ. ಪುಸ್ತಕದಲ್ಲಿ ಅಚ್ಚಾದ ಚಿತ್ರದಷ್ಟು ಶುದ್ಧವಾಗಿತ್ತು. ವರ್ಷಕ್ಕೊಂದೋ ಎರಡೋ ಬರುವಂಥದ್ದು. ಪಾಠಕ್ಕೆ ಆಗುತ್ತದೆಂದು ಫೋಟೋ ತೆಗೆಯಲು ಕ್ಯಾಮೆರಾ ಕೂಡ ತಿರುಗಿಸಿದ್ದಳು. ಆಮೇಲೆ ಪಕ್ಕದಲ್ಲಿದ್ದ ಚೀಟಿಯನ್ನು, ಯಾವ ಜಾಗದ ಚೂರು ಎಂದು ನೋಡುವುದಕ್ಕಷ್ಟೇ, ಎಳೆದುಕೊಂಡಳು. ಬೈರಣ್ಣ, ಅರವತ್ತನಾಲ್ಕು, ಕೋಣನಕುಂಟೆ. ಅಂಗುಳದ ಎಡಭಾಗದಲ್ಲಿ ಗಂಟು.

ಕೋಣನಕುಂಟೆಯಲ್ಲಿ ಎಷ್ಟೋ ಜನ ಬೈರಣ್ಣಂದಿರು ಇರಬಹುದು. ಆದರೆ ಅಂಗುಳದಲ್ಲಿ ಗಂಟಿರುವ ಬೈರಣ್ಣ ಒಬ್ಬನೇ. ಅವನ ಮನೆಯ ಮಹಡಿಯಲ್ಲೇ ಅವಳು ಬಾಡಿಗೆಗೆ ಇರುವುದು. ಈ ಆಸ್ಪತ್ರೆಗೆ ಬರಲು ಹೇಳಿದವಳೂ ಅವಳೇ. ಸಿದ್ಧಾರ್ಥ ಒಳ್ಳೇ ಸರ್ಜನ್, ಅವರಿಗೆ ತೋರಿಸಿ ಎಂದಿದ್ದಳು. ಅವನ ಚೂರು ತನ್ನ ಸರದಿಯ ದಿನವೇ ತನ್ನ ಮೇಜಿಗೇ ಬರಬಹುದೆಂದು ಯಾಕೋ ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲವೋ, ಯೋಚನೆ ಬಂದಾಗ ಅದನ್ನು ಬಾಗಿಲಲ್ಲೇ ನಿಲ್ಲಿಸಿದ್ದಳೋ. ವಸಿಷ್ಠರು ಎದುರಿನ ಸ್ಟೂಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಜೋಡಿ ಮೈಕ್ರೋಸ್ಕೋಪಿನ ಇನ್ನೊಂದು ಕಡೆ ಕಣ್ಣಿಟ್ಟರು. ಇಬ್ಬರೂ ಒಟ್ಟಿಗೆ ಬೈರಣ್ಣನ ಬಾಯಿಯೊಳಗೆ ಇಳಿದಂತೆ ಅವಳಿಗೆ ಅನ್ನಿಸಿತು.

“ಅಡಿನಾಯ್ಡ್ ಸಿಸ್ಟಿಕ್ಕು,” ಎಂದರು ವಸಿಷ್ಠರು, ಹಳೆಯ ಪರಿಚಯದವರನ್ನು ಬೀದಿಯಲ್ಲಿ ಕಂಡವರಂತೆ. “ಏನ್ ಚೆನ್ನಾಗ್ ಕೂತಿದೆ ನೋಡು. ಸ್ವಲ್ಪ ಎಡಕ್ಕೆ ತಗೋ. ಅಲ್ಲಿ ಗಟ್ಟಿಯಾಗಿದೆಯಲ್ಲ? ತೂತೇ ಇಲ್ಲ. ಎಷ್ಟಿರಬಹುದು ಅದು?”

“ನೋಡ್ಬೇಕು ಸಾರ್.”

“ಯಾಕೆ ದನಿ ಹಾಗಾಯ್ತು? ಗೊತ್ತಿರೋರದ್ದಾ?”

“ಇಲ್ಲ ಸಾರ್.”

ಎರಡು ಅಕ್ಷರದ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಹೌದು ಎಂದಿದ್ದರೆ ಅವರು ಸ್ಲೈಡನ್ನು ತಮ್ಮ ಮೇಜಿಗೆ ಒಯ್ಯುತ್ತಿದ್ದರು; ಗೊತ್ತಿದ್ದವರದ್ದನ್ನು ನಾವು ನೋಡಬಾರದು, ಕಣ್ಣಿಗೆ ದಯೆ ಬಂದುಬಿಡುತ್ತದೆ ಎನ್ನುತ್ತಿದ್ದರು. ಅದು ಬೇಕಾಗಿತ್ತಲ್ಲವೆ? ಅವಳು ಬಿಟ್ಟುಕೊಡಲಿಲ್ಲ. ದಯೆಯಿಂದಲೋ, ಚೆಂದದ ಸ್ಲೈಡು ಕೈಬಿಟ್ಟು ಹೋಗಬಾರದೆಂಬ ಆಸೆಯಿಂದಲೋ ಎಂದು ತನ್ನನ್ನೇ ಕೇಳಿಕೊಳ್ಳಲು ಹೋಗಿ ಹೆದರಿದಳು. ಮನೆ ನೋಡಲು ಹೋದ ಮೊದಲ ದಿನ ಬೈರಣ್ಣ ಮಹಡಿಯ ಕಿಟಕಿ ತೆಗೆದು, ಎದುರಿನ ಅಪಾರ್ಟ್‌ಮೆಂಟುಗಳ ಕಡೆ ಕೈಚಾಚಿ, “ಅಲ್ಲೀಗಂಟ ರಾಗಿ ಡಾಕ್ಟ್ರಮ್ಮ. ನೀವ್ ಮಲಗೋ ಜಾಗ್ದಲ್ಲಿ ಕಣ ಇತ್ತು. ನಿದ್ದೆ ಚೆಂದಾಗ್ ಬತ್ತದೆ,” ಎಂದಿದ್ದ. ಆ ಮಾತು ಹೊರಟ ಬಾಯಿಯ ಮೇಲ್ಛಾವಣಿ ಇದು. ಇಲ್ಲಿಗೆ ನಾಲಿಗೆ ತಾಗಿದರೆ ‘ಡಾಕ್ಟ್ರಮ್ಮ’ ಎಂಬುದರ ಮೊದಲಕ್ಷರ ಹುಟ್ಟುವುದು. ಸಿದ್ಧಾರ್ಥ ಇದನ್ನು ಕತ್ತರಿಸಿ ತೆಗೆದ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸುತ್ತಾರೆ. ಮಾತು ಮೂಗಿನಿಂದ ಬರುತ್ತದೆ, ಕುಡಿದ ನೀರು ಒಮ್ಮೊಮ್ಮೆ ಮೂಗಿಗೆ ಬರುತ್ತದೆ. ಅಂಥವರನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ನೋಡಿದ್ದಾಳೆ. ನೋಡಿದ್ದಾಳೆ ಎಂದರೆ, ಎದುರಿಗೆ ಬಂದಾಗ ಫೋನು ತೆಗೆದು ತಲೆ ತಗ್ಗಿಸಿದ್ದಾಳೆ.

ವಸಿಷ್ಠರು ಎದ್ದು ಹೋದ ಮೇಲೆ ಅಳೆಯಲು ಕೂತಳು. ಜೊಲ್ಲಿನ ಗ್ರಂಥಿಯಲ್ಲಿ ಹುಟ್ಟುವ ಈ ರೋಗಕ್ಕೆ ಮೂರು ಮುಖ. ಕೊಳವೆಗಳ ಹಾಗೆ ಬೆಳೆದರೆ ಒಂದನೇ ದರ್ಜೆ, ಸೌಮ್ಯ. ಜರಡಿಯ ಹಾಗಿದ್ದರೆ ಎರಡು. ತೂತು ಕೊಳವೆ ಏನೂ ಇಲ್ಲದೆ ಗಟ್ಟಿಯಾಗಿ ಒತ್ತಿಕೊಂಡ ಭಾಗ ಒಟ್ಟಿನಲ್ಲಿ ಶೇಕಡಾ ಮೂವತ್ತನ್ನು ದಾಟಿದರೆ ಮೂರು. ಮೂವತ್ತು ಯಾಕೆ, ಇಪ್ಪತ್ತೆಂಟು ಯಾಕಲ್ಲ ಎಂದು ಓದುವಾಗ ಅವಳು ಕೇಳಿದ್ದುಂಟು. ಎಲ್ಲಾದರೊಂದು ಕಡೆ ಗೆರೆ ಎಳೆಯಬೇಕಲ್ಲಮ್ಮ ಎಂದಿದ್ದರು ಮೇಷ್ಟ್ರು. ಆಗ ನಕ್ಕಿದ್ದಳು. ಈಗ ಆ ಗೆರೆಯ ಮೇಲೆ ಬೈರಣ್ಣ ಕೂತಿದ್ದ. ಒಮ್ಮೆ ನೋಡಿದಾಗ ಗಟ್ಟಿ ಭಾಗ ಕಾಲುಪಾಲು ಅನ್ನಿಸಿತು. ಎದ್ದು ನೀರು ಕುಡಿದು ಬಂದು ನೋಡಿದರೆ ಮೂರರಲ್ಲೊಂದು ಪಾಲು. ಅಂಚಿನಲ್ಲೊಂದು ಗುಂಪು ಜೀವಕೋಶಗಳಿದ್ದವು. ಗಮನವಿಟ್ಟು ನೋಡಿದರೆ ಅಲ್ಲಿ ತೂತು ಇದ್ದಂತೆಯೂ, ರೆಪ್ಪೆ ಬಡಿದರೆ ಇಲ್ಲದಂತೆಯೂ ಕಾಣುತ್ತಿತ್ತು. ಎರಡು ಎಂದು ಬರೆದರೆ ಸಿದ್ಧಾರ್ಥ ಸ್ವಲ್ಪ ಕಡಿಮೆ ಕತ್ತರಿಸಿಯಾನು. ತಪ್ಪಾಗಿದ್ದರೆ ಉಳಿದದ್ದು ಒಳಗೆ ಬೆಳೆಯುತ್ತದೆ. ಮೂರು ಎಂದು ಬರೆದರೆ ಹೆಚ್ಚು ಕತ್ತರಿಸಿ, ಮೇಲೆ ರೇಡಿಯೇಷನ್ನೂ ಕೊಟ್ಟು, ಬಾಯಿ ಒಣಗಿಸಿ, ಇರುವ ಹಲ್ಲೂ ಹೋಗುವಂತೆ ಮಾಡಿಯಾರು. ಅದು ತಪ್ಪಾಗಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗದ ತಪ್ಪೇ ತನಗೆ ಹಿತ ಎಂಬ ಯೋಚನೆ ಬಂದು ಹೋಯಿತು. ಬಂದದ್ದನ್ನು ಅವಳು ಕಂಡಳು.

ಮೇಜಿನ ಮೇಲೆ ಫೋನು ನಡುಗಿತು. ದಿವ್ಯ. ಬೈರಣ್ಣನ ಮಗಳು, ಜೆ.ಪಿ. ನಗರದ ಕಾರು ಷೋರೂಮಿನಲ್ಲಿ ಕೆಲಸ; ತಾಯಿ ಇಲ್ಲದ ಮನೆಯನ್ನು ಅವಳೇ ನಡೆಸುವುದು. ಅಕ್ಕಾ ಎಂದು ಕರೆಯುತ್ತಾಳೆ. ಭಾನುವಾರ ಅವರೆಕಾಳು ಸಾರು ಮಾಡಿದರೆ ಮೆಟ್ಟಿಲ ಮೇಲೆ ಒಂದು ಪಾತ್ರೆ ಬರುತ್ತದೆ. ಫೋನು ಮೇಜಿನಂಚಿಗೆ ಜರುಗುತ್ತ ಜರುಗುತ್ತ ನಡುಗುತ್ತಿದ್ದುದನ್ನು ಸಮನ್ವಿತಾ ಕೈಕಟ್ಟಿ ನೋಡುತ್ತ ಕೂತಳು, ತಾನಾಗಿ ಬಿದ್ದುಹೋದರೆ ಒಳ್ಳೆಯದಿತ್ತು ಎಂಬಂತೆ. ನಿಂತಿತು. ಮೆಸೇಜು ಬಂತು: ಅಕ್ಕ ರಿಪೋರ್ಟ್ ಬಂತಾ, ಅಪ್ಪ ಏನೂ ತಿನ್ನಲಿಲ್ಲ ಬೆಳಿಗ್ಗೆ.

ಹೀಗೆಯೇ ಒಮ್ಮೆ, ಹೌಸ್‌ಸರ್ಜನ್ ಆಗಿದ್ದ ವರ್ಷ, ವಾರ್ಡಿನ ಹೊರಗೆ ಶಾಂತಾದೇವಿ ಎಂಬ ಹೆಂಗಸು ಕೂತಿದ್ದಳು. ಒಳಗೆ ಅವಳ ಗಂಡ ತೀರಿಕೊಂಡಿದ್ದ. ಹೋಗಿ ಹೇಳು ಎಂದು ಸೀನಿಯರ್ ಕಳಿಸಿದ್ದರು. ಆ ಹೆಂಗಸು ಮಡಿಲಲ್ಲಿ ಸೇಬು ಇಟ್ಟುಕೊಂಡು, ಡಾಕ್ಟರು ಬಂದರೆಂದು ಎದ್ದು ನಿಂತು, ನಗಲು ಶುರುಮಾಡಿದಳು. ಸಮನ್ವಿತಾ ಅವಳನ್ನು ದಾಟಿ, ಅವಸರದ ಕೆಲಸವಿದ್ದವಳಂತೆ ನಡೆದು, ಬೆಡ್‌ಷೀಟು ಪೇರಿಸಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಯಾರೋ ಹೇಳಿದರು. ಕೂಗು ಅಲ್ಲಿಗೂ ಕೇಳಿಸಿತು. ಪೆಥಾಲಜಿ ಯಾಕೆ ತೆಗೆದುಕೊಂಡೆ ಎಂದು ಯಾರು ಕೇಳಿದರೂ ನನಗೆ ಟಿಶ್ಯೂ ಇಷ್ಟ ಎನ್ನುತ್ತಾಳೆ. ಸುಳ್ಳಲ್ಲ. ಟಿಶ್ಯೂ ಎದ್ದು ನಿಂತು ನಗಲು ಶುರುಮಾಡುವುದಿಲ್ಲ. ಜಯನಗರದ ಅಮ್ಮನ ಮನೆಗೆ ಬಂದ ನೆಂಟರು, ಮಗಳು ಡಾಕ್ಟರು ಎಂದು ತಿಳಿದು ಶರಟಿನ ತೋಳು ಮಡಿಸಿ ಯಾವುದೋ ಗಂಟು ತೋರಿಸಿದರೆ, “ನಾನು ಪೇಷಂಟ್ ನೋಡೋ ಡಾಕ್ಟರ್ ಅಲ್ಲ ಅಂಕಲ್,” ಎಂದು ಅಡುಗೆಮನೆಗೆ ಜಾರಿಕೊಳ್ಳುತ್ತಾಳೆ. ಹಿಂದಿನಿಂದ “ಹಾಗಾದ್ರೆ ಲ್ಯಾಬ್ ಟೆಕ್ನಿಷಿಯನ್ನಾ?” ಎಂಬ ಮಾತು ಕೇಳಿಸುತ್ತದೆ. ಅದು ಚುಚ್ಚುತ್ತದೆ, ಆದರೆ ಗಂಟು ಮುಟ್ಟುವುದಕ್ಕಿಂತ ವಾಸಿ.

ಊಟದ ಹೊತ್ತಿಗೆ ವಸಿಷ್ಠರು ಅವಳ ಹಿಂದೆ ಬಂದು ನಿಂತರು. “ಇನ್ನೂ ಅದೇನಾ? ಬಯಾಪ್ಸಿಯಲ್ಲಿ ಗ್ರೇಡ್ ಯಾಕೆ ಬರೀತೀಯ ಮಾರಾಯ್ತಿ. ಹೆಸರು ಬರೆದು ಕೊಡು. ಪೂರ್ತಿ ಗೆಡ್ಡೆ ಬಂದ್ಮೇಲೆ ಅಳೆದ್ರಾಯ್ತು.” ಸರಿಯಾದ ಮಾತು, ಪುಸ್ತಕದಲ್ಲೂ ಹಾಗೇ ಇದೆ. ಬಾಗಿಲೊಂದು ತೆರೆದಂತೆ ಅವಳ ಎದೆ ಹಗುರಾಯಿತು. ಹಗುರಾದದ್ದನ್ನು ಕಂಡೇ ಅನುಮಾನ ಬಂತು: ಒಳಗೆ ಬೆಡ್‌ಷೀಟು ಪೇರಿಸಿಟ್ಟಿರುವ ಕೋಣೆಯೇ ಇದು. ಅಷ್ಟರಲ್ಲಿ ಸಿದ್ಧಾರ್ಥನ ಫೋನು ಬಂತು. ಆಪರೇಷನ್ ಥಿಯೇಟರಿನ ಗದ್ದಲದ ನಡುವಿಂದ ಮಾತಾಡುತ್ತಿದ್ದ.

“ಮೇಡಂ, ಆ ಕೋಣನಕುಂಟೆ ಪೇಷಂಟು, ಗುರುವಾರ ಆಪರೇಷನ್ನಿಗೆ ಪೋಸ್ಟ್ ಮಾಡಿದೀನಿ. ಅಡಿನಾಯ್ಡ್ ಸಿಸ್ಟಿಕ್ ಅಂತ ವಸಿಷ್ಠ ಸಾರ್ ಹೇಳಿದ್ರು. ಗ್ರೇಡ್ ಏನನ್ಸುತ್ತೆ?”

“ಚೂರು ಚಿಕ್ಕದು. ಖಚಿತವಾಗಿ ಹೇಳಕ್ಕಾಗಲ್ಲ.”

“ಖಚಿತ ಬೇಡ ಮೇಡಂ, ನಿಮಗೇನನ್ಸುತ್ತೆ ಹೇಳಿ. ಎಷ್ಟು ದೂರ ಕಟ್ ಮಾಡ್ಬೇಕು ಅನ್ನೋದು ನಂಗೆ ಐಡಿಯಾ ಬರ್ಲಿ. ಮೂಳೆ ಅರ್ಧ ಉಳಿಸ್ಬೋದು ಅಂದ್ಕೊಂಡಿದೀನಿ.”

ಸಮನ್ವಿತಾ ಇನ್ನೊಮ್ಮೆ ಕಣ್ಣಿಟ್ಟಳು. ಅಂಚಿನ ಗುಂಪಿನಲ್ಲಿ ಈಗ ತೂತು ಕಾಣಲಿಲ್ಲ. ಕಾಣಬೇಕೆಂದು ತಾನು ಬಯಸಿದ್ದರಿಂದಲೇ ಮೊದಲು ಕಂಡದ್ದು ಅನ್ನಿಸಿತು. “ಮೂರು,” ಎಂದಳು. “ಈ ಚೂರಿನಲ್ಲಿ ಗಟ್ಟಿ ಭಾಗ ಮೂವತ್ತು ದಾಟಿದೆ.” ಸಿದ್ಧಾರ್ಥ ಕೇಳಿದ: “ನರಕ್ಕೆ ಹಬ್ಬಿದ್ಯಾ?” “ಚೂರಲ್ಲಿ ನರವೇ ಬಂದಿಲ್ಲ.” “ಓಕೆ. ಥ್ಯಾಂಕ್ಸ್ ಮೇಡಂ.” ಅಷ್ಟೇ. ಒಬ್ಬ ಮನುಷ್ಯನ ಮುಖದ ಮೂಳೆ ಎಲ್ಲಿಯವರೆಗೆ ಇರಬೇಕೆಂದು, ಊಟದ ಡಬ್ಬಿಯ ಮುಚ್ಚಳ ತೆಗೆಯುವಷ್ಟು ಹೊತ್ತಿನಲ್ಲಿ ತೀರ್ಮಾನವಾಯಿತು. ರಿಪೋರ್ಟಿಗೆ ಸಹಿ ಹಾಕಿದ ಮೇಲೆ ಭಯ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ನಾಲಿಗೆಯಿಂದ ತನ್ನ ಅಂಗುಳವನ್ನೇ ಮತ್ತೆ ಮತ್ತೆ ಸವರಿ ನೋಡುತ್ತಿದ್ದಳು. ಹಲ್ಲಿನ ಹಿಂದೆ ಏನೋ ಉಬ್ಬಿದಂತಿತ್ತು. ಎಲ್ಲರಿಗೂ ಇರುವ ಉಬ್ಬೇ ಅದು ಎಂದು ಗೊತ್ತಿದ್ದೂ ಬಚ್ಚಲಿಗೆ ಹೋಗಿ ಕನ್ನಡಿಯೆದುರು ಬಾಯಿ ತೆರೆದಳು. ಒಳಗೆ ಬಂದ ನರ್ಸು “ಸಾರಿ ಮೇಡಂ” ಎಂದು ಹಿಂದೆ ಸರಿದಳು. ಅವಳು ನಕ್ಕಿರಬಹುದು.

ಸಂಜೆ ಮೆಟ್ರೋದಲ್ಲಿ ಜನ ಒತ್ತಿಕೊಂಡು ನಿಂತಿದ್ದರು. ಅವಳ ಕಣ್ಣು ಒಬ್ಬೊಬ್ಬರ ದವಡೆಯ ಕೆಳಗೆ, ಕಿವಿಯ ಮುಂದೆ ಹೋಗಿ ನಿಲ್ಲುತ್ತಿತ್ತು. ನಗುತ್ತಿದ್ದ ಹುಡುಗಿಯೊಬ್ಬಳ ಕೆನ್ನೆ ಒಂದು ಕಡೆ ಸ್ವಲ್ಪ ದಪ್ಪ. ಏನೂ ಇರಲಾರದು, ಬಾಯಲ್ಲಿ ಚಾಕೊಲೇಟು ಇರಬೇಕು. ಬನಶಂಕರಿಯಲ್ಲಿ ಅರ್ಧ ಬೋಗಿ ಖಾಲಿಯಾಯಿತು, ಕೂರಲು ಜಾಗ ಸಿಕ್ಕರೂ ಕೂರಲಿಲ್ಲ. ಯಲಚೇನಹಳ್ಳಿಯಲ್ಲಿ, ತನ್ನ ಸ್ಟೇಷನ್ ಇನ್ನೂ ಮುಂದಿರುವಾಗಲೇ, ಇಳಿದುಬಿಟ್ಟಳು. ಕನಕಪುರ ರಸ್ತೆಯಲ್ಲಿ ನಡೆಯುತ್ತ ತರಕಾರಿ ಕೊಳ್ಳುವ ನೆಪಕ್ಕೆ ನಿಂತಳು. ಬೇಡದ ಹೀರೆಕಾಯಿ ಕೊಂಡಳು. ದಿವ್ಯ ಎಂಟರ ಮೇಲೆ ಬರುವುದು. ಬೈರಣ್ಣ ಈ ಹೊತ್ತಿಗೆ ಅಶ್ವತ್ಥಕಟ್ಟೆಯ ಕಡೆ ಹೋಗಿರುತ್ತಾನೆ, ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರೆ ಇವತ್ತಿಗೆ ಆಯಿತು, ನಾಳೆ ಸಿದ್ಧಾರ್ಥನೇ ಹೇಳುತ್ತಾನೆ, ಹೇಳುವುದು ಅವನ ಕೆಲಸ, ಅದಕ್ಕೆ ಅವನಿಗೆ ಅಭ್ಯಾಸವಿದೆ. ಹೀಗೆ ಒಂದೊಂದು ಹೆಜ್ಜೆಗೂ ಒಂದೊಂದು ಕಾರಣ ಜೋಡಿಸಿಕೊಳ್ಳುತ್ತ, ಚಪ್ಪಲಿ ಸದ್ದಾಗದಂತೆ ಗೇಟು ತಳ್ಳಿದಳು.

ಬೈರಣ್ಣ ಮೆಟ್ಟಿಲ ಬುಡದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ. ಅವನನ್ನು ದಾಟದೆ ಮೇಲೆ ಹೋಗುವಂತಿರಲಿಲ್ಲ.

“ಬನ್ನಿ ಡಾಕ್ಟ್ರಮ್ಮ. ಈ ನಡುವೆ ಮಕಾನೇ ಕಾಣ್ಸಲ್ಲ. ಒಸಿ ಕೂತ್ಕಳಿ.”

ಹೀರೆಕಾಯಿಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಗೇಟಿನ ಮೇಲಿನ ದೀಪದ ಬೆಳಕು ಅವನ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಎಷ್ಟೋ ದಿನದಿಂದ ಆ ಮುಖವನ್ನು ಪೂರ್ತಿ ನೋಡಿಯೇ ಇಲ್ಲ ಎಂದು ಈಗ ಗೊತ್ತಾಯಿತು. ಇಳಿದುಹೋಗಿದ್ದ. ಎಡಗೆನ್ನೆಯ ಮೇಲೆ ಉದ್ದಕ್ಕೆ ಕ್ಷೌರದ ಗಾಯ, ರಕ್ತ ಒಣಗಿ ಕಪ್ಪಗಾಗಿತ್ತು.

“ರಿಪೋರ್ಟ್ ಬಂತಂತೆ. ದಿವ್ಯ ಆಸ್ಪತ್ರೆಗೆ ಫೋನ್ ಮಾಡಿದ್ಲು. ನಾಳೆ ಡಾಕ್ಟ್ರು ಹೇಳ್ತಾರೆ ಅಂದ್ರಂತೆ. ಅದನ್ನ ನೋಡಿದ್ದು ಯಾರು?”

ಬೇರೆ ಯಾರೋ ಎನ್ನಬಹುದಿತ್ತು. ಬೆಳಿಗ್ಗೆಯ ಹಾಗೆಯೇ ಅದೂ ಸಲೀಸಾಗಿ ಬರುತ್ತಿತ್ತು. “ನಾನೇ,” ಎಂದಳು.

ಬೈರಣ್ಣ ತಲೆಯಾಡಿಸಿದ. “ಅಂಗಾದ್ರೆ ಸರಿ ಬುಡಿ. ನಮ್ಮನೇರೇ ನೋಡ್ದಂಗಾಯ್ತು. ಹೇಳಿ ಮತ್ತೆ.”

“ಕ್ಯಾನ್ಸರ್, ಬೈರಣ್ಣೋರೆ.” ಈ ಒಂದು ಪದವನ್ನು ದಿನಕ್ಕೆ ಎಷ್ಟು ಸಲ ಬರೆಯುತ್ತಾಳೋ. ಯಾರದೇ ಮುಖಕ್ಕೆ ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ಅವನು ಬೀಳಬಹುದು, ಕೂಗಬಹುದು ಎಂದು ಚೀಲ ಬಿಗಿಯಾಗಿ ಹಿಡಿದುಕೊಂಡಳು.

“ಅದು ಗೊತ್ತಾಗಿತ್ತು. ಆ ಸಿದ್ಧಾರ್ಥ ಡಾಕ್ಟ್ರು ಟಾರ್ಚ್ ಬುಟ್ಟು ನೋಡ್ದೇಟ್ಗೆ ಮಾತು ಕಮ್ಮಿ ಮಾಡಿದ್ರು. ಯಾವ ಜಾತೀದು?”

“ಅಪರೂಪದ್ದು.”

“ಅಪರೂಪದ್ದು ಅಂದ್ರೆ, ಒಳ್ಳೇದಾ?”

“ಇಲ್ಲ. ನಿಧಾನವಾಗಿ ಬೆಳೆಯುತ್ತೆ, ಆದ್ರೆ ಸುಲಭಕ್ಕೆ ಬಿಡಲ್ಲ. ನರ ಹಿಡ್ಕೊಂಡು ಹೋಗೋ ಸ್ವಭಾವ.”

“ದಿವ್ಯ ಫೋನಾಗ್ ನೋಡವ್ಳೆ. ಒಂದು, ಎಲ್ಡು, ಮೂರು ಅಂತ ಇರ್ತದಂತೆ. ನಂದು ಎಷ್ಟು?”

“ಮೂರು ಅಂತ ಬರೆದಿದೀನಿ.”

“ಮೇಲೆ ಇನ್ನೆಷ್ಟದೆ?”

“ಮೂರೇ ಕೊನೆ.”

ಬೈರಣ್ಣ “ಇಸ್ಕೂಲಲ್ಲೂ ಮೂರಕ್ಕೇ ಬುಟ್ಟಿದ್ದು ನಾನು,” ಎಂದು ನಗಲು ನೋಡಿದ. ನಗು ಬಾಯಿಯ ಬಲಗಡೆ ಮಾತ್ರ ಬಂತೆಂದು ಅವಳಿಗೆ ಅನ್ನಿಸಿತೋ, ಬೆಳಕು ಹಾಗೆ ಬಿದ್ದಿತ್ತೋ. ರಸ್ತೆಯಲ್ಲಿ ಆಟೋ ಒಂದು ಹಾದು ಹೋಯಿತು.

“ನರ ಅಂದ್ರಲ್ಲ,” ಎಂದ ಅವನು, ತಗ್ಗಿದ ದನಿಯಲ್ಲಿ. “ಒಂದ್ ಕೇಳ್ತೀನಿ. ಈ ಕಡೆ ಗಡ್ಡ ಹೆರ್ಕೋವಾಗ ಬ್ಲೇಡು ಹೋಗೋದು ಗೊತ್ತಾಯ್ತಿಲ್ಲ. ನೆನ್ನೆ ಇಷ್ಟುದ್ದ ಕುಯ್ಕೊಂಡೀನಿ, ಬನೀನ್ ಮೇಲೆ ರಕ್ತ ಬಿದ್ಮೇಲೇ ನೋಡಿದ್ದು. ಅದಕ್ಕೂ ಇದಕ್ಕೂ ಏನಾರ?”

“ಡಾಕ್ಟರಿಗೆ ಹೇಳಿದ್ರಾ?”

“ಯಾರೂ ಕೇಳ್ಲಿಲ್ವಲ್ಲ. ಬಾಯಿ ತೆಗೀರಿ ಅಂದ್ರು, ತೆಗ್ದೆ.”

ಅವಳಿಗೆ ಅಂಗುಳದಿಂದ ಹೊರಟ ನರ ಎಲ್ಲಿ ಹೋಗುತ್ತದೆ ಎಂಬುದು ಕಣ್ಣುಮುಚ್ಚಿದರೂ ಬರುವ ಪಾಠ: ಮೂಳೆಯ ಸಣ್ಣ ಕೊಳವೆಯೊಳಗೆ ನುಗ್ಗಿ, ಮೇಲೇರಿ, ಕೆನ್ನೆಯಿಂದ ಬರುವ ನರವನ್ನು ಕೂಡಿಕೊಂಡು, ಅಲ್ಲಿಂದ ತಲೆಬುರುಡೆಯ ಬುಡಕ್ಕೆ. ಕೆನ್ನೆ ಮರಗಟ್ಟಿದ್ದರೆ ಅದು ಈಗಾಗಲೇ ಆ ದಾರಿಯಲ್ಲಿ ನಡೆದುಹೋಗಿದೆ. ಹಾಗಿದ್ದರೆ ಗುರುವಾರ ಸಿದ್ಧಾರ್ಥ ಎಳೆಯುವ ಗೆರೆ ತಪ್ಪು. ಬೇರೆ ಸ್ಕ್ಯಾನ್ ಆಗಬೇಕು, ಕತ್ತರಿಸುವುದೋ ಬೇಡವೋ ಎಂಬುದೇ ಮತ್ತೆ ಯೋಚನೆಯಾಗಬೇಕು. ಇಪ್ಪತ್ತೆಂಟೋ ಮೂವತ್ತೆರಡೋ ಎಂದು ಬೆಳಗಿನಿಂದ ತಾನು ಬೆವೆತದ್ದೆಲ್ಲ ಅಕ್ಕಿಕಾಳಿನಷ್ಟು ಚೂರಿನ ಲೆಕ್ಕ. ರೋಗ ಗಾಜಿನ ಮೇಲೆ ಇರಲಿಲ್ಲ. ಇಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳನ್ನು ಪ್ರಶ್ನೆ ಕೇಳುತ್ತಿತ್ತು. ಎದ್ದು ಮೇಲೆ ಹೋಗಿ ಸಿದ್ಧಾರ್ಥನಿಗೆ ಫೋನು ಮಾಡಿದರೆ ಸಾಕು, ಅವನೇ ನೋಡಿಕೊಳ್ಳುತ್ತಾನೆ ಎಂದು ಒಳಗಿನಿಂದ ಯಾರೋ ಹೇಳಿದರು. ಅವಳು ಚೀಲವನ್ನು ನೆಲಕ್ಕಿಟ್ಟಳು.

“ಬೈರಣ್ಣೋರೆ, ಕಣ್ಣು ಮುಚ್ಕೊಳ್ಳಿ. ನಾನು ಮುಖ ಮುಟ್ತೀನಿ. ಬೆರಳು ತಾಗಿದ ತಕ್ಷಣ ಹೂಂ ಅನ್ನಿ.”

ಅವನು ದೇವರ ಮುಂದೆ ಕೂತವನಂತೆ ಬೆನ್ನು ನೇರ ಮಾಡಿ ಕಣ್ಣು ಮುಚ್ಚಿದ. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ಜೀವ ಇರುವ ಮೈಯನ್ನು ಪರೀಕ್ಷೆಗೆಂದು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಕೈ ತಣ್ಣಗಿತ್ತು. ಬಲಗೆನ್ನೆಗೆ ಬೆರಳಿನ ತುದಿ ಸೋಕಿಸಿದಳು.

“ಹೂಂ.”

ಹಣೆ. “ಹೂಂ.”

ಗದ್ದ, ಎಡಗಡೆ. “ಹೂಂ. ಕೈ ತಣ್ಣಗದೆ.”

ಎಡಗಣ್ಣಿನ ಕೆಳಗೆ, ಮೂಗಿನ ಪಕ್ಕ, ಬೆರಳಿಟ್ಟಳು. ಬೈರಣ್ಣ ಏನೂ ಅನ್ನಲಿಲ್ಲ. ಸ್ವಲ್ಪ ಒತ್ತಿದಳು. ಚರ್ಮ ಬೆಚ್ಚಗಿತ್ತು, ಬಿಳಿ ಕೂಳೆಗಡ್ಡ ಬೆರಳಿಗೆ ಚುಚ್ಚುತ್ತಿತ್ತು. ಬೆರಳನ್ನು ಗಾಯದ ಪಕ್ಕದಲ್ಲೇ ಮೇಲ್ತುಟಿಯವರೆಗೆ ಎಳೆದು ಮತ್ತೆ ಮೇಲಕ್ಕೆ ತಂದಳು. ಅವನ ಉಸಿರು ಅವಳ ಅಂಗೈಗೆ ತಾಗುತ್ತಿತ್ತು. ಮುಚ್ಚಿದ ರೆಪ್ಪೆಗಳ ಕೆಳಗೆ ಅವನ ಕಣ್ಣುಗಳು ಕಾಯುತ್ತ ಆ ಕಡೆ ಈ ಕಡೆ ಚಲಿಸುತ್ತಿದ್ದವು. ಅವಳು ಪೂರ್ತಿ ಅಂಗೈಯನ್ನೇ ಆ ಕೆನ್ನೆಯ ಮೇಲೆ ಇಟ್ಟಳು.

ಬೈರಣ್ಣ ಇನ್ನೂ ಸ್ವಲ್ಪ ಹೊತ್ತು ಕಾದ. ಅವಳಿಗೆ ಸಂಕೋಚವಾಗುತ್ತಿದೆ ಎಂದುಕೊಂಡನೇನೋ, ಮಗಳಿಗೆ ಹೇಳುವಂತೆ ಹೇಳಿದ: “ಮುಟ್ಟಿ ಡಾಕ್ಟ್ರಮ್ಮ, ಅಂಜ್ಬೇಡಿ.”

ಕೈ ತೆಗೆದು, ಆಯಿತು ಬೈರಣ್ಣೋರೆ, ನಾಳೆ ಡಾಕ್ಟರು ನೋಡುತ್ತಾರೆ ಎನ್ನುವುದು ಎಷ್ಟು ಹತ್ತಿರದಲ್ಲಿತ್ತು. ಅವಳು ಕೈ ತೆಗೆಯಲಿಲ್ಲ.

“ಕಣ್ಣು ಬಿಡಿ,” ಎಂದಳು.